ಕಿಲೋಮೀಟರ್ ಬೇಡ, ಗಂಟೆ ಹೇಳಿ

ಬೇಸಿಗೆಯ ಆರಂಭದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಹೆಂಡತಿಯ ಜೊತೆ ನಮ್ಮ ಆಫೀಸಿಗೆ ಬಂದರು. ಉತ್ತರಾಖಂಡದ ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿ ಸುತ್ತುವ ಚಾರ್‌ಧಾಮ್ ಯಾತ್ರೆಗೆ ಹೊರಟಿದ್ದರು. ಬೇರೆ ಏಜೆಂಟ್ ವಾಟ್ಸ್ಯಾಪ್‌ನಲ್ಲಿ ಕಳಿಸಿದ್ದ ಕೊಟೇಶನ್ ತೋರಿಸಿ, "ಇದಕ್ಕಿಂತ ಎಷ್ಟು ಕಡಿಮೆಗೆ ಮಾಡಿಕೊಡ್ತೀರಿ?" ಅಂದರು. ಮೈಸೂರಿನಲ್ಲಿ ಟ್ರಾವೆಲ್ಸ್ ನಡೆಸಲು ಶುರು ಮಾಡಿ ಇಪ್ಪತ್ತು ವರ್ಷವಾಯಿತು, ಬಂದವರ ಮೊದಲ ಪ್ರಶ್ನೆ ಇವತ್ತಿಗೂ ಅದೇ. ನಾನು ರೇಟ್ ಕಡೆ ನೋಡಲಿಲ್ಲ. ಐದನೇ ದಿನಕ್ಕೆ ಏನು ಬರೆದಿದ್ದಾರೆ ಅಂತ ನೋಡಿದೆ.

"ಉತ್ತರಕಾಶಿಯಿಂದ ಗುಪ್ತಕಾಶಿ, 200 ಕಿ.ಮೀ. ದಾರಿಯಲ್ಲಿ ಟೆಹ್ರಿ ಅಣೆಕಟ್ಟು ವೀಕ್ಷಣೆ. ಸಂಜೆ ದೇವಸ್ಥಾನ ದರ್ಶನ." ಆರನೇ ದಿನ ಇನ್ನೂ ಚೆನ್ನಾಗಿತ್ತು: "ಗೌರಿಕುಂಡದಿಂದ 14 ಕಿ.ಮೀ. ನಡೆದು ಕೇದಾರನಾಥ ದರ್ಶನ, ರಾತ್ರಿ ಗುಪ್ತಕಾಶಿಗೆ ವಾಪಸ್."

ಬೆಂಗಳೂರು ಹೈವೇಯ ಅಭ್ಯಾಸ ಇರುವ ನಮಗೆ 200 ಕಿ.ಮೀ. ಅಂದರೆ ಮೂರು ಗಂಟೆಯ ಮಾತು. ಗಢವಾಲದ ಬೆಟ್ಟದಲ್ಲಿ ಅದೇ ದೂರಕ್ಕೆ ಎಂಟೊಂಬತ್ತು ಗಂಟೆ ಹಿಡಿಯುತ್ತದೆ. ಗುಡ್ಡ ಜರಿದು ರಸ್ತೆ ಬಂದ್ ಆದರೆ ಅದಕ್ಕೂ ಲೆಕ್ಕವಿಲ್ಲ. ರಾತ್ರಿ ಹೊತ್ತು ಆ ರಸ್ತೆಗಳಲ್ಲಿ ಯಾತ್ರಿಕರ ಗಾಡಿ ಬಿಡುವುದೂ ಇಲ್ಲ. ಹಾಗಾಗಿ ಏಜೆಂಟರ ಹತ್ತಿರ ಕಿಲೋಮೀಟರ್ ಕೇಳಬೇಡಿ. ಎಷ್ಟು ಹೊತ್ತಿಗೆ ಹೊರಟರೆ ಎಷ್ಟು ಹೊತ್ತಿಗೆ ಮುಟ್ಟುತ್ತೇವೆ, ಮಧ್ಯಾಹ್ನ ಊಟ ಯಾವ ಊರಲ್ಲಿ ಅಂತ ಕೇಳಿ. ದಾರಿ ಗೊತ್ತಿರುವವನು ತಕ್ಷಣ ಊರಿನ ಹೆಸರು ಹೇಳುತ್ತಾನೆ. ಗೊತ್ತಿಲ್ಲದವನು "ದಾರೀಲಿ ಒಳ್ಳೊಳ್ಳೆ ಹೋಟೆಲ್ ಇವೆ ಸಾರ್" ಅನ್ನುತ್ತಾನೆ.

ಆ 14 ಕಿ.ಮೀ. ಲೆಕ್ಕವೂ ಒಂದು ಕಥೆ ಹೇಳುತ್ತದೆ. ಕೇದಾರದ ಹಳೆಯ ಕಾಲುದಾರಿ 14 ಕಿ.ಮೀ. ಇತ್ತು, ನಿಜ. 2013ರ ಜೂನ್ ಪ್ರವಾಹದಲ್ಲಿ ರಾಮಬಾಡಾ ಅನ್ನುವ ಜಾಗವೇ ಕೊಚ್ಚಿಹೋಯಿತು. ಆಮೇಲೆ ಅಲ್ಲಿಂದ ಮೇಲಕ್ಕೆ ನದಿಯ ಆಚೆ ದಡದಲ್ಲಿ ಹೊಸ ದಾರಿ ಮಾಡಿದರು. ಈಗ 16 ಕಿ.ಮೀ. ಮೇಲೇ ಆಗುತ್ತದೆ. ಇನ್ನೂ 14 ಅಂತ ಬರೆದಿದ್ದಾರೆ ಅಂದರೆ ಹಳೇ ಪ್ಲಾನಿನ ತಾರೀಕು ಮಾತ್ರ ತಿದ್ದಿ ಕಳಿಸಿದ್ದಾರೆ ಅಂತ ಅರ್ಥ ಅಲ್ವಾ?

ಮೇಷ್ಟ್ರಿಗೆ ಪೇಪರ್ ಮೇಲೆ ಗೆರೆ ಎಳೆದು ತೋರಿಸಿದೆ. ಗುಪ್ತಕಾಶಿಯಿಂದ ಸೋನಪ್ರಯಾಗಕ್ಕೆ ಸುಮಾರು 30 ಕಿ.ಮೀ. ನಿಮ್ಮ ಗಾಡಿ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಗೌರಿಕುಂಡಕ್ಕೆ 5 ಕಿ.ಮೀ., ಶೇರಿಂಗ್ ಜೀಪು. ಸೀಸನ್‌ನಲ್ಲಿ ಆ ಜೀಪಿಗೇ ದೊಡ್ಡ ಕ್ಯೂ. ಆಮೇಲೆ ಹತ್ತುವುದು. ಗೌರಿಕುಂಡ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಕೇದಾರ 3,583 ಮೀಟರ್. ಮೇಲೆ ಹೋದಂತೆ ಉಸಿರು ಕಟ್ಟುತ್ತದೆ. ಹುಡುಗರು ಒಂದೇ ದಿನದಲ್ಲಿ ಹತ್ತಿ ಇಳಿದಾರು. ಇವರಿಗೆ 67, ಹೆಂಡತಿಗೆ ಮಂಡಿನೋವು. ಮೇಲೆ ಒಂದು ರಾತ್ರಿ ಉಳಿಯಲೇಬೇಕು.

"ಅವರು ಹೆಲಿಕಾಪ್ಟರ್ ಗ್ಯಾರಂಟಿ ಅಂದಿದ್ದಾರೆ" ಅಂದರು ಮೇಷ್ಟ್ರ ಹೆಂಡತಿ.

ಈ ಮಾತು ಕೇಳಿದರೆ ನನಗೆ ಭಯ. ಫಾಟಾ, ಸೆರ್ಸಿ, ಗುಪ್ತಕಾಶಿಯಿಂದ ಹಾರುವ ಹೆಲಿಕಾಪ್ಟರ್ ಟಿಕೆಟ್ ಸಿಗುವುದು ಐಆರ್‌ಸಿಟಿಸಿಯ ಹೆಲಿಯಾತ್ರಾ ವೆಬ್‌ಸೈಟಿನಲ್ಲಿ. ಅದಕ್ಕೆ ಮೊದಲು ಯಾತ್ರೆಯ ನೋಂದಣಿ ಆಗಿರಬೇಕು. ಬುಕಿಂಗ್ ಬಿಟ್ಟ ಸ್ವಲ್ಪ ಹೊತ್ತಿಗೇ ಸೀಟು ಖಾಲಿಯಾಗುತ್ತದೆ. ಟಿಕೆಟ್ ಇದ್ದರೂ ಮೋಡ ಕವಿದರೆ ಹಾರುವುದಿಲ್ಲ. ಯಾವ ಏಜೆಂಟ್ ತಾನೇ ಮೋಡಕ್ಕೆ ಗ್ಯಾರಂಟಿ ಕೊಡುತ್ತಾನೆ? "ಟ್ರೈ ಮಾಡ್ತೀನಿ, ಸಿಗದಿದ್ದರೆ ಕುದುರೆ ಅಥವಾ ಡೋಲಿ, ಅದರ ಖರ್ಚು ಬೇರೆ" ಅನ್ನುವವನನ್ನು ನಂಬಬಹುದು.

ಇಷ್ಟೆಲ್ಲ ಹೇಳುವ ನಾನೂ ಮೊದಲು ಹಾಗೇ ಇದ್ದೆ. ಬಿಸಿನೆಸ್ ಶುರು ಮಾಡಿದ ಎರಡನೇ ವರ್ಷ, ಹನ್ನೊಂದು ಜನರ ಗುಂಪನ್ನು ಇದೇ ಉತ್ತರಕಾಶಿ–ಗುಪ್ತಕಾಶಿ ದಾರಿಯಲ್ಲಿ ಕಳಿಸಿದ್ದೆ. ಮ್ಯಾಪ್ ನೋಡಿ ಪ್ಲಾನ್ ಮಾಡಿದ್ದು. ಟೆಹ್ರಿಯಲ್ಲಿ ಫೋಟೋ, ಇನ್ನೊಂದು ಕಡೆ ಶಾಪಿಂಗ್, ಎಲ್ಲ ಸೇರಿಸಿದ್ದೆ. ತಿಲವಾಡಾ ಮುಟ್ಟುವಷ್ಟರಲ್ಲಿ ಕತ್ತಲಾಯಿತು. ಡ್ರೈವರ್ ಇನ್ನು ಆಗಲ್ಲ ಅಂತ ಟೆಂಪೋ ಟ್ರಾವೆಲರ್ ನಿಲ್ಲಿಸಿಬಿಟ್ಟ. ಹನ್ನೊಂದು ಜನಕ್ಕೆ ಮೂರು ರೂಮು ಸಿಕ್ಕಿತು. ರಾತ್ರಿ ಗುಂಪಿನ ಹಿರಿಯಮ್ಮ ಫೋನ್ ಮಾಡಿದರು. ಬೈಯಲಿಲ್ಲ. "ಏನಪ್ಪಾ, ನೀನು ಈ ದಾರೀಲಿ ಒಂದ್ಸಲನಾದ್ರೂ ಬಂದಿದ್ದೀಯಾ?" ಅಂತ ಕೇಳಿದರು, ಅಷ್ಟೆ. ಬಂದಿರಲಿಲ್ಲ. ಆ ವರ್ಷವೇ ಸೆಪ್ಟೆಂಬರ್‌ನಲ್ಲಿ ಬಾಡಿಗೆ ಜೀಪು ಮಾಡಿಕೊಂಡು ಅಷ್ಟೂ ದಾರಿ ಓಡಾಡಿ ಬಂದೆ.

ಆ ಅಮ್ಮನ ಪ್ರಶ್ನೆಯನ್ನೇ ನೀವೂ ಕೇಳಿ. ಜೊತೆಗೆ ಯಾವ ತಿಂಗಳಲ್ಲಿ ಹೋಗಿದ್ದು ಅಂತಲೂ ಕೇಳಿ. ಮೇನಲ್ಲಿ ಹೋದವನಿಗೆ ಜನಜಂಗುಳಿ ಗೊತ್ತು, ಅಕ್ಟೋಬರ್‌ನಲ್ಲಿ ಹೋದವನಿಗೆ ಚಳಿ ಗೊತ್ತು. ಜುಲೈ-ಆಗಸ್ಟ್‌ನಲ್ಲಿ ಹೋಗುತ್ತೇವೆ ಅಂದಾಗ "ಮಳೆಗಾಲ, ಬೇಡ" ಅನ್ನದೆ ಅಡ್ವಾನ್ಸ್ ತೆಗೆದುಕೊಂಡರೆ ಎದ್ದು ಬನ್ನಿ.

ಒಳ್ಳೆಯ ಏಜೆಂಟ್ ನಿಮ್ಮನ್ನೂ ಪ್ರಶ್ನೆ ಕೇಳುತ್ತಾನೆ. ಬಿಪಿ ಇದೆಯಾ, ಮೆಟ್ಟಿಲು ಹತ್ತಬಹುದಾ, ವೆಸ್ಟರ್ನ್ ಟಾಯ್ಲೆಟ್ ಬೇಕಾ, ರಾತ್ರಿ ಎಷ್ಟು ಸಲ ಏಳುತ್ತೀರಿ. ಕೆಲವರಿಗೆ ಮುಜುಗರ, ಆದರೆ ರೂಮು ಆರಿಸುವುದು ಇದರ ಮೇಲೇ. ಮೇಷ್ಟ್ರ ಹೆಂಡತಿಯ ಮಂಡಿ ವಿಷಯ ಕೇಳಿ, ಯಮುನೋತ್ರಿ ಬಿಟ್ಟುಬಿಡಿ ಅಂದೆ. ಜಾನಕಿ ಚಟ್ಟಿಯಿಂದ ಸುಮಾರು 6 ಕಿ.ಮೀ. ಕಡಿದಾದ ಏರುದಾರಿ. ಗಂಗೋತ್ರಿ, ಬದರಿಗಾದರೆ ಗಾಡಿ ದೇವಸ್ಥಾನದ ಹತ್ತಿರದವರೆಗೂ ಹೋಗುತ್ತದೆ. ಮೇಷ್ಟ್ರಿಗೆ ಬೇಜಾರಾಯಿತು, ನಾಲ್ಕು ಧಾಮ ಮೂರಾಯಿತಲ್ಲ ಅಂತ.

"ಕೇದಾರದ ಪೂಜಾರಿಗಳು ನಮ್ಮ ಕಡೆಯವರೇ ಅಂತಲ್ಲ, ಕನ್ನಡ ನಡೆಯುತ್ತಾ?" ಅಂತಲೂ ಕೇಳಿದರು. ಪೂಜೆ ಮಾಡುವವರು ಕರ್ನಾಟಕ ಮೂಲದ ವೀರಶೈವರು, ಸರಿ. ಆದರೆ ಜೀಪಿನವನೂ ಕುದುರೆಯವನೂ ಹಿಂದಿಯಲ್ಲೇ ಚೌಕಾಸಿ ಮಾಡುತ್ತಾರೆ ಅಂದೆ.

ದುಡ್ಡಿನ ವಿಷಯದಲ್ಲಿ ಹೇಳುವುದು ಕಡಿಮೆ. ಹೋಟೆಲ್ ಹೆಸರು ಬರವಣಿಗೆಯಲ್ಲಿ ಇರಲಿ, "ಅಥವಾ ಅದೇ ದರ್ಜೆಯದು" ಅಂತಿದ್ದರೆ ಆ ಇನ್ನೊಂದು ಯಾವುದು ಅಂತ ಕೇಳಿ. ಗಾಡಿಗೆ ಉತ್ತರಾಖಂಡದ ಗ್ರೀನ್ ಕಾರ್ಡ್, ಅಂದರೆ ಯಾತ್ರೆಯ ಗಾಡಿಗಳಿಗೆ ಅಲ್ಲಿನ ಸಾರಿಗೆ ಇಲಾಖೆ ಕೊಡುವ ಪತ್ರ, ಇದೆಯಾ ನೋಡಿ. ರಸ್ತೆ ಬಂದ್ ಆದ ದಿನದ ಖರ್ಚು ಯಾರದು ಅನ್ನುವುದನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ಮಾತಾಡಿಕೊಳ್ಳಿ. ಒಂದು ದಿನ ಖಾಲಿ ಇಟ್ಟುಕೊಂಡರೆ ಆ ಜಗಳ ಅರ್ಧ ತಪ್ಪುತ್ತದೆ.

ಮೇಷ್ಟ್ರು ನನ್ನ ಹತ್ತಿರ ಬುಕ್ ಮಾಡಲಿಲ್ಲ. ನಾನು ಗೆರೆ ಎಳೆದ ಪೇಪರ್ ತೆಗೆದುಕೊಂಡು ಹೋಗಿ ಆ ಏಜೆಂಟ್ ಕೈಲೇ ಎರಡು ದಿನ ಜಾಸ್ತಿ ಹಾಕಿಸಿಕೊಂಡರು. ಕೇದಾರದಲ್ಲಿ ಒಂದು ರಾತ್ರಿ ಉಳಿದರು. ಮಾರನೇ ದಿನ ಬೆಳಿಗ್ಗೆ ಅಲ್ಲಿಂದಲೇ ಫೋನ್ ಬಂತು. "ಇಲ್ಲಿ ಬಿಸಿನೀರಿಗೆ ಬಕೆಟ್ ಲೆಕ್ಕದಲ್ಲಿ ದುಡ್ಡು ಕೇಳ್ತಾರಲ್ರೀ. ಅದನ್ನ ನೀವು ಹೇಳಲೇ ಇಲ್ಲ!"