ಕೋಟ್ಸ್ ಕಾಯಿಲೆ: ಫೋಟೊದಲ್ಲಿ ಹಳದಿಯಾಗಿ ಹೊಳೆಯುವ ಕಣ್ಣು

ಅಕ್ಷಿಪಟಲದ ರಕ್ತನಾಳಗಳಿಗೆ ಬರುವ ಅಪರೂಪದ ಕಾಯಿಲೆಗಳಲ್ಲಿ ಕೋಟ್ಸ್ ಕಾಯಿಲೆಯೂ ಒಂದು. ಸ್ಕಾಟ್ಲೆಂಡಿನ ನೇತ್ರತಜ್ಞ ಜಾರ್ಜ್ ಕೋಟ್ಸ್ 1908ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಉಳಿದುಕೊಂಡಿತು. ಇದು ಸಾಮಾನ್ಯವಾಗಿ ಒಂದೇ ಕಣ್ಣಿಗೆ ಬರುತ್ತದೆ, ಹೆಚ್ಚಾಗಿ ಹುಟ್ಟಿನಿಂದ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಪತ್ತೆಯಾಗುತ್ತದೆ, ಮತ್ತು ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಗಂಡುಮಕ್ಕಳು. ತಂದೆತಾಯಿಯರು ಮೊದಲು ಕೇಳುವ ಪ್ರಶ್ನೆ ‘ನಮ್ಮಿಂದ ಬಂತೇ’ ಎಂಬುದು. ಇಲ್ಲ, ಇದು ಸಾಮಾನ್ಯವಾಗಿ ವಂಶಪಾರಂಪರ್ಯವಾಗಿ ಬರುವ ಕಾಯಿಲೆಯಲ್ಲ, ಅಂಟುವಂಥದ್ದೂ ಅಲ್ಲ.

ಕಣ್ಣಿನೊಳಗೆ ಆಗುವುದಿಷ್ಟು. ಅಕ್ಷಿಪಟಲದ ಅಂಚಿನಲ್ಲಿರುವ ಸಣ್ಣ ರಕ್ತನಾಳಗಳ ಗೋಡೆ ದುರ್ಬಲವಾಗಿ, ಅವು ಅಡ್ಡಾದಿಡ್ಡಿಯಾಗಿ ಹಿಗ್ಗುತ್ತವೆ. ಅಲ್ಲಲ್ಲಿ ಪುಟ್ಟ ಬಲ್ಬುಗಳಂತೆ ಕೆಂಪಗೆ ಉಬ್ಬಿಕೊಳ್ಳುತ್ತವೆ. ಆ ಗೋಡೆಗಳ ಮೂಲಕ ರಕ್ತದ ದ್ರವಾಂಶ ಸದಾ ಒಸರುತ್ತಿರುತ್ತದೆ. ಒಸರಿದ ನೀರಿನಂಶವನ್ನು ಕಣ್ಣು ಒಂದಿಷ್ಟು ಹೀರಿಕೊಳ್ಳುತ್ತದೆಯಾದರೂ ಅದರೊಂದಿಗೆ ಬಂದ ಕೊಬ್ಬಿನಂಶ ಹಾಗೆಯೇ ಉಳಿದು ಹಳದಿ ಗಸಿಯಾಗಿ ಶೇಖರವಾಗುತ್ತದೆ. ಇದಕ್ಕೂ ಮಗುವಿನ ರಕ್ತದಲ್ಲಿರುವ ಕೊಲೆಸ್ಟರಾಲಿನ ಪ್ರಮಾಣಕ್ಕೂ ಸಂಬಂಧವಿಲ್ಲದ ಕಾರಣ ಪಥ್ಯದಿಂದ ಪ್ರಯೋಜನವಿಲ್ಲ. ವಿಚಿತ್ರವೆಂದರೆ, ಸೋರುವ ನಾಳಗಳು ಅಂಚಿನಲ್ಲಿದ್ದರೂ ಗಸಿ ಬಂದು ನಿಲ್ಲುವುದು ಬಹಳಷ್ಟು ಸಲ ನೋಟದ ಕೇಂದ್ರವಾದ ಮ್ಯಾಕುಲಾದಲ್ಲಿ. ಸೋರಿಕೆ ಇನ್ನೂ ಹೆಚ್ಚಿದರೆ ದ್ರವವು ಅಕ್ಷಿಪಟಲವನ್ನೇ ಅದರ ತಳದಿಂದ ಎತ್ತಿಬಿಡುತ್ತದೆ.

ಇಷ್ಟೆಲ್ಲ ನಡೆಯುತ್ತಿದ್ದರೂ ಮಗು ಏನನ್ನೂ ಹೇಳುವುದಿಲ್ಲ. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ, ಇನ್ನೊಂದು ಕಣ್ಣು ಚೆನ್ನಾಗಿ ಕಾಣುತ್ತಿರುವುದರಿಂದ ಆಟಪಾಠಗಳಿಗೂ ಅಡ್ಡಿಯಾಗುವುದಿಲ್ಲ. ಆದ್ದರಿಂದ ಕಾಯಿಲೆ ಬಯಲಾಗುವುದು ಪರೋಕ್ಷವಾಗಿ: ಒಂದು ಕಣ್ಣು ಮೆಳ್ಳೆಯಾಗುತ್ತದೆ, ಶಾಲೆಯ ತಪಾಸಣೆಯಲ್ಲಿ ಒಂದು ಕಣ್ಣು ಮುಚ್ಚಿಸಿದಾಗ ಮಗು ಅಕ್ಷರ ಓದಲಾರದೆ ನಿಲ್ಲುತ್ತದೆ, ಅಥವಾ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಒಂದು ಪಾಪೆ ಕೆಂಪಗೂ ಇನ್ನೊಂದು ಹಳದಿಯಾಗಿಯೂ ಕಾಣುತ್ತದೆ. ಆರೋಗ್ಯವಂತ ಕಣ್ಣಿನ ಹಿಂಭಾಗದ ರಕ್ತಭರಿತ ಪದರದಿಂದ ಬೆಳಕು ಹಿಂದಿರುಗುವಾಗ ಪಾಪೆ ಕೆಂಪಾಗಿ ಕಾಣುತ್ತದೆ. ಅದೇ ಬೆಳಕು ಹಳದಿ ಗಸಿಗೆ ತಾಗಿ ಮರಳಿದರೆ ಬಣ್ಣ ಬದಲಾಗುತ್ತದೆ. ಹಾಗೆಂದು ಇಂಥ ಪ್ರತಿ ಫೋಟೊವೂ ಕಾಯಿಲೆಯ ಗುರುತಲ್ಲ. ಮಗು ಕ್ಯಾಮೆರಾದಿಂದ ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದರೆ ಫ್ಲ್ಯಾಶಿನ ಬೆಳಕು ದೃಷ್ಟಿನರದ ಬಿಳಿಚಿದ ತುದಿಗೆ ಬಿದ್ದು, ಏನೂ ತೊಂದರೆಯಿಲ್ಲದ ಕಣ್ಣೂ ಬಿಳಿಯಾಗಿ ಕಾಣಬಹುದು. ಬೇರೆ ಬೇರೆ ದಿನಗಳ ನಾಲ್ಕಾರು ಫೋಟೊಗಳನ್ನು ತರುವಂತೆ ನಾನು ಹೇಳುವುದು ಅದಕ್ಕೇ. ಆದರೆ ಫೋಟೊ ಹುಡುಕುವ ನೆಪದಲ್ಲಿ ತಪಾಸಣೆಯನ್ನು ಮುಂದೂಡಬಾರದು.

ಏಕೆಂದರೆ ನಮ್ಮ ಮೊದಲ ಆತಂಕ ಕೋಟ್ಸ್ ಕಾಯಿಲೆಯದ್ದಲ್ಲ, ರೆಟಿನೋಬ್ಲಾಸ್ಟೋಮಾ ಎಂಬ ಅಕ್ಷಿಪಟಲದ ಕ್ಯಾನ್ಸರಿನದ್ದು. ಅದೂ ಎಳೆಯ ಮಕ್ಕಳಿಗೇ ಬರುತ್ತದೆ, ಅದರಲ್ಲೂ ಪಾಪೆ ಹೊಳೆಯುತ್ತದೆ, ಅದರಲ್ಲೂ ಅಕ್ಷಿಪಟಲ ಕಳಚಿಕೊಳ್ಳುತ್ತದೆ. ಒಂದನ್ನು ಇನ್ನೊಂದೆಂದು ತಿಳಿದರೆ ಪ್ರಾಣಕ್ಕೆ ಅಪಾಯ, ಇಲ್ಲವೇ ಉಳಿಯಬಹುದಾಗಿದ್ದ ಕಣ್ಣು ಹೋಗುತ್ತದೆ. ಅನುಮಾನ ಪರಿಹಾರಕ್ಕೆಂದು ಕಣ್ಣಿಗೆ ಸೂಜಿ ಚುಚ್ಚಿ ಮಾದರಿ ತೆಗೆಯುವಂತಿಲ್ಲ. ಅದು ಕ್ಯಾನ್ಸರೇ ಆಗಿದ್ದರೆ ಸೂಜಿಯ ದಾರಿಯಲ್ಲಿ ಹೊರಗೆ ಹರಡೀತು. ಅದರಿಂದಾಗಿ ಮಗುವಿಗೆ ಅರಿವಳಿಕೆ ಕೊಟ್ಟು, ಅಕ್ಷಿಪಟಲವನ್ನು ಅಂಚಿನವರೆಗೂ ಸುತ್ತಲೂ ನೋಡುತ್ತೇವೆ. ಅಲ್ಟ್ರಾಸೌಂಡಿನಲ್ಲಿ ಗಡ್ಡೆಯಾಗಲಿ ಸುಣ್ಣದ ಕಣಗಳಾಗಲಿ ಇವೆಯೇ ಎಂದು ಹುಡುಕುತ್ತೇವೆ. ಸುಣ್ಣ ಕಂಡರೆ ಕ್ಯಾನ್ಸರಿನ ಶಂಕೆ ಬಲವಾಗುತ್ತದೆ. ಸಂದೇಹ ಉಳಿದರೆ ಎಂಆರ್‌ಐ ಮಾಡಿಸುತ್ತೇವೆ. ಫ್ಲೋರೆಸೀನ್ ಬಣ್ಣವನ್ನು ರಕ್ತಕ್ಕೆ ಸೇರಿಸಿ ತೆಗೆಯುವ ಆಂಜಿಯೋಗ್ರಫಿಯು ಎಲ್ಲಿ ಸೋರುತ್ತಿದೆ, ಎಲ್ಲಿ ರಕ್ತಸಂಚಾರವೇ ನಿಂತಿದೆ ಎಂಬುದನ್ನು ತೋರಿಸುವುದರಿಂದ ರೋಗನಿರ್ಣಯಕ್ಕಷ್ಟೇ ಅಲ್ಲದೆ ಚಿಕಿತ್ಸೆಗೂ ಅದೇ ನಕ್ಷೆಯಾಗುತ್ತದೆ.

ಕಾಯಿಲೆಯನ್ನು ಐದು ಹಂತಗಳಾಗಿ ವಿಂಗಡಿಸುವ, 2001ರಲ್ಲಿ ಪ್ರಕಟವಾದ ಕ್ರಮವನ್ನು ಈಗಲೂ ಬಳಸುತ್ತೇವೆ: ಹಿಗ್ಗಿದ ನಾಳಗಳಷ್ಟೇ ಇರುವುದು ಮೊದಲನೆಯದು, ಗಸಿ ಸೇರಿದರೆ ಎರಡನೆಯದು, ಅಕ್ಷಿಪಟಲ ಎದ್ದರೆ ಮೂರನೆಯದು, ಪೂರ್ತಿ ಎದ್ದು ಕಣ್ಣಿನ ಒತ್ತಡವೂ ಏರಿದರೆ ನಾಲ್ಕನೆಯದು, ನೋಟ ಸಂಪೂರ್ಣ ಹೋಗಿ ಕಣ್ಣು ಸೊರಗಿದರೆ ಐದನೆಯದು. ಎಳೆವಯಸ್ಸಿನಲ್ಲಿ ಕಾಣಿಸಿಕೊಂಡಷ್ಟೂ ಕಾಯಿಲೆ ಉಗ್ರವಾಗಿರುತ್ತದೆ. ದೊಡ್ಡವರಲ್ಲಿ ಬಂದಾಗ ಅದು ಹೆಚ್ಚಾಗಿ ನಿಧಾನಗತಿಯದು.

ಚಿಕಿತ್ಸೆಯ ಗುರಿ ಹಳದಿ ಗಸಿಯಲ್ಲ, ಅದನ್ನು ಉಂಟುಮಾಡುತ್ತಿರುವ ನಾಳಗಳು. ಇದನ್ನು ಆರಂಭದಲ್ಲೇ ತಿಳಿಹೇಳದಿದ್ದರೆ ಮುಂದಿನದೆಲ್ಲ ತಂದೆತಾಯಿಯರಿಗೆ ಗೊಂದಲವಾಗುತ್ತದೆ. ಅಕ್ಷಿಪಟಲ ತಳಕ್ಕೆ ಅಂಟಿಕೊಂಡೇ ಇರುವ ಕಡೆ ಲೇಸರಿನಿಂದ ನಾಳಗಳನ್ನು ನೇರವಾಗಿ ಸುಟ್ಟು ಮುಚ್ಚುತ್ತೇವೆ. ದ್ರವ ತುಂಬಿ ಎದ್ದಿರುವ ಕಡೆ ಲೇಸರ್ ಸರಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಕಣ್ಣಿನ ಹೊರಗೋಡೆಯ ಮೇಲಿಂದಲೇ ಅತಿಶೀತಲ ಸಲಾಕೆಯನ್ನಿಟ್ಟು ನಾಳಗಳನ್ನು ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಮತ್ತೊಮ್ಮೆ ಹೆಪ್ಪುಗಟ್ಟಿಸುವ ಕ್ರಯೋ ಚಿಕಿತ್ಸೆ ಬೇಕಾಗುತ್ತದೆ. ಒಂದೇ ಸಲಕ್ಕೆ ಸುತ್ತಲೂ ಕ್ರಯೋ ಮಾಡಿದರೆ ದ್ರವ ಇಳಿಯುವ ಬದಲು ಹೆಚ್ಚುವ ಸಾಧ್ಯತೆಯಿದೆ, ಆದ್ದರಿಂದ ಭಾಗಭಾಗವಾಗಿ, ವಾರಗಳ ಅಂತರದಲ್ಲಿ ಮಾಡುವುದು ಲೇಸು. ಅಕ್ಷಿಪಟಲ ಮಸೂರದ ಹಿಂಭಾಗಕ್ಕೇ ಬಂದು ತಾಗುವಷ್ಟು ಎದ್ದಿದ್ದರೆ ಮೊದಲು ಹೊರಗೋಡೆಯಲ್ಲಿ ಸಣ್ಣ ರಂಧ್ರ ಮಾಡಿ ದ್ರವವನ್ನು ಹೊರಬಿಡಬೇಕು. ಆಗ ಬರುವುದು ತಿಳಿನೀರಲ್ಲ. ಹೊಂಬಣ್ಣದ ಮಂದ ದ್ರವ, ಸೂಕ್ಷ್ಮದರ್ಶಕದ ಬೆಳಕಿನಲ್ಲಿ ಕೊಲೆಸ್ಟರಾಲಿನ ಹರಳುಗಳು ಮಿನುಗುತ್ತಿರುತ್ತವೆ.

ನಾಳಗಳ ಸೋರಿಕೆಯನ್ನು ಹೆಚ್ಚಿಸುವ ಪ್ರೋಟೀನನ್ನು ತಡೆಯುವ ಬೆವಾಸಿಝುಮ್ಯಾಬ್‌ನಂಥ ಚುಚ್ಚುಮದ್ದನ್ನೂ ಇತ್ತೀಚಿನ ವರ್ಷಗಳಲ್ಲಿ ಕಣ್ಣಿನೊಳಕ್ಕೆ ಕೊಡಲಾಗುತ್ತಿದೆ. ದ್ರವವನ್ನು ಬೇಗ ಇಳಿಸಲು ಅದು ನೆರವಾಗುವುದು ನಿಜ. ಆದರೆ ರೋಗಗ್ರಸ್ತ ನಾಳಗಳನ್ನು ಅದು ಶಾಶ್ವತವಾಗಿ ಮುಚ್ಚುವುದಿಲ್ಲ, ಮತ್ತು ಕೆಲವು ಕಣ್ಣುಗಳಲ್ಲಿ ನಾರುಪೊರೆ ಬೆಳೆದು ಅಕ್ಷಿಪಟಲವನ್ನು ಜಗ್ಗಿದ ವರದಿಗಳೂ ಇವೆ. ಅದನ್ನು ಲೇಸರ್ ಅಥವಾ ಕ್ರಯೋ ಜೊತೆಗೆ ಮಾತ್ರ ಬಳಸಬೇಕೆಂಬುದು ನನ್ನ ಅಭಿಪ್ರಾಯ.

ನಾಳಗಳು ಮುಚ್ಚಿದ ಮೇಲೂ ಗಸಿ ಕರಗಲು ತಿಂಗಳುಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ನೀರಿನಂಶ ಮೊದಲು ಇಂಗಿ ಕೊಬ್ಬಿನಂಶ ಹಿಂದುಳಿಯುವುದರಿಂದ ನಡುವಿನಲ್ಲೊಮ್ಮೆ ಹಳದಿ ಇನ್ನೂ ಗಾಢವಾದಂತೆ ಕಾಣಬಹುದು; ಆಗ ‘ಚಿಕಿತ್ಸೆಯೇ ಫಲಿಸಲಿಲ್ಲ’ ಎಂದು ಹೆದರಿ ಆಸ್ಪತ್ರೆ ಬದಲಿಸುವವರಿದ್ದಾರೆ. ಗಸಿ ಮ್ಯಾಕುಲಾದ ಕೆಳಗೆ ಗಟ್ಟಿಯಾಗಿ ಗಾಯದ ಕಲೆಯಂತೆ ನಿಂತುಬಿಟ್ಟರೆ ಮಾತ್ರ ಅಕ್ಷಿಪಟಲ ಸ್ವಸ್ಥಾನಕ್ಕೆ ಮರಳಿದರೂ ಸ್ಪಷ್ಟ ನೋಟ ಮರಳುವುದಿಲ್ಲ. ಮ್ಯಾಕುಲಾ ಉಳಿದಿರುವ ಮಕ್ಕಳಲ್ಲಿ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಹಾಕಿ ದುರ್ಬಲ ಕಣ್ಣಿಗೆ ಕೆಲಸ ಕೊಡುವ ಅಭ್ಯಾಸ ಅಗತ್ಯ. ಲೇಸರಿನಷ್ಟೇ ಮುಖ್ಯವಾದ ಈ ಭಾಗವೇ ಮನೆಗಳಲ್ಲಿ ಹೆಚ್ಚಾಗಿ ತಪ್ಪಿಹೋಗುತ್ತದೆ. ಒಂದೇ ಕಣ್ಣನ್ನು ನೆಚ್ಚಿಕೊಂಡ ಮಗುವಿಗೆ ಒಡೆಯದ ಪಾಲಿಕಾರ್ಬೊನೇಟ್ ಕನ್ನಡಕವನ್ನೂ ಬರೆದುಕೊಡುತ್ತೇನೆ.

ಐದನೆಯ ಹಂತದ ಕಣ್ಣು ನೋವು ಕೊಡದಿದ್ದರೆ ಅದನ್ನು ಹಾಗೆಯೇ ಬಿಡಬಹುದು. ನೋಟವಿಲ್ಲದೆ, ಏರಿದ ಒತ್ತಡದಿಂದ ಸದಾ ನೋಯುವ ಕಣ್ಣನ್ನು ತೆಗೆದು ಕೃತಕ ಕಣ್ಣು ಜೋಡಿಸುವುದೇ ಮಗುವಿಗೆ ನೆಮ್ಮದಿ. ಉಳಿದವರೆಲ್ಲರಿಗೂ ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ, ನಂತರ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಪಾಪೆ ಹಿಗ್ಗಿಸಿ ನೋಡುವ ತಪಾಸಣೆ ದೊಡ್ಡವರಾದ ಮೇಲೂ ಮುಂದುವರಿಯಬೇಕು, ಏಕೆಂದರೆ ವರ್ಷಗಟ್ಟಲೆ ಶಾಂತವಾಗಿದ್ದ ಕಣ್ಣಿನಲ್ಲೂ ಹೊಸ ನಾಳಗಳು ಹಿಗ್ಗಿ ಸೋರಲು ಆರಂಭಿಸುವುದುಂಟು, ಮತ್ತು ಆ ಹಂತದಲ್ಲಿ ಸಿಕ್ಕರೆ ಹೊರರೋಗಿ ವಿಭಾಗದಲ್ಲೇ ಕುಳ್ಳಿರಿಸಿ ಲೇಸರ್ ಮಾಡಿ ಕಳುಹಿಸಬಹುದು.