ನೌಬಾದಿನ ಸುರಂಗ ಬಾವಿ: ಹೂಳು ಎಲ್ಲಿಂದ ಬರುತ್ತದೆ?

ಬೀದರ್ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ತೂತು ತೂತಾದ ಈ ಕೆಂಪು ಕಲ್ಲಿನಲ್ಲಿ ಮಳೆನೀರು ಬೇಗ ಇಂಗುತ್ತದೆ. ಅಡಿಯ ಕರಿಬಂಡೆ ಸಿಕ್ಕಾಗ ಅಡ್ಡಕ್ಕೆ ಹರಿದು, ದಿಬ್ಬದ ಅಂಚಿನಲ್ಲಿ ಝರಿಯಾಗಿ ಬೀಳುತ್ತದೆ. ನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶಗಳಲ್ಲಿ ನಾವು ಕಾಣುವುದು ಇಂಥ ಒಸರನ್ನೇ. ದಿಬ್ಬದ ಮೇಲಿನವರಿಗೆ ಮಾತ್ರ ನೀರು ಆಳದಲ್ಲಿ.

15ನೇ ಶತಮಾನದಲ್ಲಿ ಬಹಮನಿ ಅರಸರು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದರು. ಆ ಕಾಲದಲ್ಲಿ ಪರ್ಷಿಯಾದ ಕರೇಜ್, ಅಂದರೆ ಸುರಂಗ ಬಾವಿಯ ವಿದ್ಯೆ ಈ ನೆಲಕ್ಕೆ ಹೊಂದಿತು. ಎತ್ತರದಲ್ಲಿ ಒಂದು ತಾಯಿಬಾವಿ, ಅದರ ತಳದಿಂದ ತುಸುವೇ ಇಳಿಜಾರಾದ ಸುರಂಗ, ನಡುನಡುವೆ ಗಾಳಿಬಾವಿಗಳು, ಕೊನೆಗೆ ನೀರು ತಾನಾಗಿ ಹೊರಬರುವ ಬಾಯಿ. ಇಳಿಜಾರು ಹೆಚ್ಚಾದರೆ ನೀರು ತಳ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತಳದಲ್ಲೇ ಕೂರುತ್ತದೆ. ಬೀದರ್ ಪಕ್ಕದ ನೌಬಾದಿನ ಕರೇಜ್‌ಗೆ 21 ಗಾಳಿಬಾವಿಗಳಿವೆ. ಅಗೆಯುವಾಗ ಮಣ್ಣು ಮೇಲೆತ್ತಲು, ಆಮೇಲೆ ಗಾಳಿಗೆ, ರಿಪೇರಿಗೆ ಇಳಿಯಲು ಇವೇ ದಾರಿ.

ನಲ್ಲಿ, ಬೋರ್‌ವೆಲ್ ಬಂದ ಮೇಲೆ ಇದರ ಕಡೆ ನೋಡುವವರಿಲ್ಲವಾಯಿತು. ಗಾಳಿಬಾವಿಗಳಿಗೆ ಕಸ, ಕಟ್ಟಡದ ಮಣ್ಣು, ಚರಂಡಿ ನೀರು ಬಿದ್ದವು. ಕೇರಳದ ಭೂಗೋಳ ತಜ್ಞ ವಿ. ಗೋವಿಂದನ್‌ಕುಟ್ಟಿ ಈ ಜಾಲವನ್ನು ಅಳೆದು ನಕ್ಷೆಗೆ ತಂದದ್ದು ಕಳೆದ ದಶಕದಲ್ಲಿ. ಬರಗಾಲದ 2016ರ ಹೊತ್ತಿಗೆ ಅಂದಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿ ಜಿಲ್ಲೆಯ ಕೆರೆ–ಬಾವಿಗಳ ಹೂಳೆತ್ತಿಸಲು ಮುಂದಾದರು, ಊರಿನ ಯುವಕರೂ ಕೈಜೋಡಿಸಿದರು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆ ಅಪಾಯದಲ್ಲಿರುವ ಸ್ಮಾರಕಗಳ ತನ್ನ 2020ರ ಕಾವಲು ಪಟ್ಟಿಗೆ ದಖ್ಖನಿನ ಹಳೆಯ ಜಲವ್ಯವಸ್ಥೆಗಳನ್ನು ಸೇರಿಸಿತು.

ಅಷ್ಟಾದರೂ ಹೂಳೆತ್ತಿದ ಬಾವಿ ಮತ್ತೆ ತುಂಬುತ್ತದೆ, ಏಕೆಂದರೆ ಹೂಳು ಬರುವುದು ಮೇಲಿನಿಂದ. ಒಂದೂವರೆ ಮೀಟರ್ ಚೌಕದ ಗಾಳಿಬಾವಿಯಲ್ಲಿ ಎರಡು ಮೀಟರ್ ಹೂಳಿದೆ ಎಂದುಕೊಳ್ಳಿ. ಅದು ನಾಲ್ಕೂವರೆ ಘನ ಮೀಟರ್, ಹಸಿಯಾಗಿದ್ದರೆ ಏಳು ಟನ್ನಿನ ಮೇಲೆ. 20 ಕಿಲೋದ ಪುಟ್ಟಿಯಲ್ಲಿ ಎತ್ತಿದರೆ 380ರಷ್ಟು ಪುಟ್ಟಿ. ಒಂದು ರಾಟೆಗೆ ಮೂರು ನಿಮಿಷಕ್ಕೊಂದು ಪುಟ್ಟಿ ಬಂದರೂ 19 ಗಂಟೆ. ಭಾನುವಾರದ ಒಂದು ಬೆಳಗಿನ ಶ್ರಮದಾನಕ್ಕೆ ಇದು ದಕ್ಕುವ ಕೆಲಸವಲ್ಲ. ಎತ್ತಿದ ಮಣ್ಣನ್ನು ಬಾವಿಯ ಪಕ್ಕದಲ್ಲೇ ಸುರಿದರೆ ಮೊದಲ ಮುಂಗಾರಿಗೇ ಅದು ಒಳಗೆ ಇಳಿಯುತ್ತದೆ. ಕನಿಷ್ಠ 15 ಅಡಿ ಆಚೆ, ಇಳಿಜಾರಿನ ಕೆಳಬದಿಗೆ ಹಾಕಬೇಕು.

ಸ್ವಯಂಸೇವಕರು ಸುರಂಗಕ್ಕೆ ಇಳಿಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೊಳೆತ ಹೂಳು ಕೆದಕಿದಾಗ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದು. ದೀಪ ಇಳಿಸಿ ನೋಡುವ ಹಳೆಯ ಪದ್ಧತಿ ಆಮ್ಲಜನಕ ಕಡಿಮೆಯಾದದ್ದನ್ನು ತೋರಿಸೀತು, ವಿಷಾನಿಲವನ್ನು ತೋರಿಸದು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಟ್ಟರೆ ಅದರ ಹೊಗೆಯೇ ಜೀವ ತೆಗೆಯುತ್ತದೆ. ಒಳಗಿನ ಕೆಲಸ ಗ್ಯಾಸ್ ಮೀಟರ್, ಬ್ಲೋವರ್, ಸೊಂಟದ ಹಗ್ಗ ಇರುವ ಪರಿಣತರದ್ದು, ಅದೂ ಫೆಬ್ರುವರಿಯಿಂದ ಮೇ ಒಳಗೆ, ಸಾಮಾನ್ಯವಾಗಿ ಕೆಳಗಿನ ಬಾಯಿಯಿಂದ ಮೇಲಕ್ಕೆ. ಬಾಯಿ ತೆರೆಯದೆ ಮೇಲೆ ಅಗೆದರೆ ಕದಡಿದ ಕೆಸರು ಕೆಳಗೆ ಹೋಗಿ ಕಟ್ಟಿಕೊಳ್ಳುತ್ತದೆ.

ನೆಲದ ಮೇಲೆ ಮಾತ್ರ ಊರಿನವರಿಗೆ ಕೈತುಂಬ ಕೆಲಸವಿದೆ. ಪ್ರತಿ ಗಾಳಿಬಾವಿಗೂ ಮೂರಡಿ ಕಟ್ಟೆ, ಸುತ್ತ ಮಳೆನೀರು ದೂರ ಹೋಗುವಂತೆ ಇಳಿಜಾರು, ಮೇಲೆ ಕೀಲಿ ಹಾಕುವ ಕಬ್ಬಿಣದ ಜಾಲರಿ. ಕಾಂಕ್ರೀಟ್ ಹಲಗೆ ಮುಚ್ಚಿದರೆ ಗಾಳಿಯೂ ಹೋಯಿತು, ತಪಾಸಣೆಯೂ ಹೋಯಿತು. ಗೋಡೆಯ ಸಂದಿಯಲ್ಲಿ ಹುಟ್ಟುವ ಅರಳಿ ಸಸಿಯನ್ನು ಬೆರಳಿನಷ್ಟಿರುವಾಗಲೇ ಕೀಳಬೇಕು. ಬೇರು ಬಲಿತಿದ್ದರೆ ಎಳೆಯಬೇಡಿ, ಕಲ್ಲೇ ಕಿತ್ತು ಬರುತ್ತದೆ, ಬುಡಕ್ಕೆ ಕತ್ತರಿಸಿ. ಒಳಗೋಡೆಗೆ ಸಿಮೆಂಟ್ ಬಳಿಯುವುದಂತೂ ಬೇಡವೇ ಬೇಡ. ನೀರು ಬರುವುದೇ ಆ ಕಲ್ಲಿನ ತೂತುಗಳಿಂದ.

ಸುರಂಗದ ಬಾಯಿಯಲ್ಲಿ ನೀರು ಹರಿಯುತ್ತಿದ್ದರೆ ತಿಂಗಳಿಗೊಮ್ಮೆ 15 ಲೀಟರ್ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬಿತೆಂದು ಬರೆದಿಡಿ. 30 ಸೆಕೆಂಡಾದರೆ ದಿನಕ್ಕೆ 43,200 ಲೀಟರ್. ಮಳೆ ಚೆನ್ನಾದ ವರ್ಷದ ನಂತರವೂ ಏಪ್ರಿಲ್ ತಿಂಗಳ ಲೆಕ್ಕ ಹಿಂದಿನ ಏಪ್ರಿಲ್‌ಗಿಂತ ಇಳಿದರೆ, ಮೊದಲು 21 ಕಟ್ಟೆಗಳನ್ನೂ ಒಂದು ಸುತ್ತು ನೋಡಿ ಬನ್ನಿ. ಅಲ್ಲಿ ದೋಷ ಕಾಣದಿದ್ದರೆ ಸುತ್ತಲಿನ ಹೊಸ ಬೋರ್‌ವೆಲ್‌ಗಳನ್ನು ಎಣಿಸಿ.