ಛಲ: ಗೆಲ್ಲುವ ಮಾತಲ್ಲ, ಬಿಡದಿರುವ ಮಾತು

ಹಿಂದಿ ಬಲ್ಲವರ ಮುಂದೆ "ಅವನಲ್ಲಿ ಛಲ ಇದೆ" ಅಂತ ಹೊಗಳಿ ನೋಡಿ, ಗಾಬರಿಯಾಗುತ್ತಾರೆ. ಅವರಿಗೆ ಛಲ ಎಂದರೆ ಮೋಸ, ಕಪಟ. ಸಂಸ್ಕೃತದಲ್ಲೂ ಅಷ್ಟೇ, ನೆಪ, ವಂಚನೆ ಎಂಬ ಅರ್ಥಗಳೇ ಮುಂದೆ ಬರುತ್ತವೆ. ಕನ್ನಡದಲ್ಲಿ ಮಾತ್ರ ಈ ಪದಕ್ಕೆ ಬೇರೆಯೇ ಬಾಳು. ಹಿಡಿದದ್ದನ್ನು ಕೈಬಿಡದ ಗುಣಕ್ಕೆ ನಾವು ಛಲ ಎನ್ನುತ್ತೇವೆ. ಬೇತಾಳನ ಕಥೆ ಓದಿ ಬೆಳೆದವರಿಗೆ "ಛಲ ಬಿಡದ ತ್ರಿವಿಕ್ರಮ" ಎಂದರೆ ಸಾಕು, ಹೆಗಲ ಮೇಲೆ ಹೆಣ ಹೊತ್ತು ನಡೆಯುವ ರಾಜ ಕಣ್ಣ ಮುಂದೆ ಬರುತ್ತಾನೆ.

ಹಠ, ಜಿದ್ದು, ಛಲ ಮೂರೂ ಒಂದೇ ಅಂತ ಅನಿಸಬಹುದು. ಅಲ್ಲ. ಮಿಠಾಯಿ ಬೇಕು ಅಂತ ಮಗು ನೆಲಕ್ಕೆ ಬಿದ್ದು ಹೊರಳುವುದು ಹಠ. ಜಿದ್ದಿಗೆ ಎದುರಾಳಿ ಬೇಕು, ಅದಕ್ಕೇ ಚುನಾವಣೆಯಲ್ಲಿ ಜಿದ್ದಾಜಿದ್ದಿ ಎನ್ನುತ್ತೇವೆ. ಛಲಕ್ಕೆ ಇನ್ನೊಬ್ಬರು ಇರಲೇಬೇಕೆಂದಿಲ್ಲ.

ನಮ್ಮವ್ವ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಒಂದು ದಿನ ಸಹಿ ಕಲಿಯುತ್ತೇನೆ ಅಂದಳು. ರಾತ್ರಿ ಪಾತ್ರೆ ತೊಳೆದ ಮೇಲೆ, ಹಳೇ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿಕೊಂಡು ಕೂರುತ್ತಿದ್ದಳು. ಒತ್ತಕ್ಷರ ಮಾತ್ರ ಏನು ಮಾಡಿದರೂ ಅಕ್ಷರದ ಕೆಳಗೆ ಕೂರುತ್ತಿರಲಿಲ್ಲ, ಪಕ್ಕಕ್ಕೆ ಜಾರುತ್ತಿತ್ತು. ಸಾಕು ಬಿಡವ್ವ ಅಂದರೆ, "ಬರ್ಲಿ ಬಿಡ್ಲಿ, ಇನ್ನೊಂದ್ಸಲ ಬರೀತೀನಿ" ಅನ್ನುತ್ತಿದ್ದಳು. ಅವಳು ಯಾರನ್ನೂ ಸೋಲಿಸಬೇಕಿರಲಿಲ್ಲ. ಛಲ ಎಂಬ ಪದ ಎಲ್ಲಿ ಕಂಡರೂ ನನಗೆ ಆ "ಬರ್ಲಿ ಬಿಡ್ಲಿ" ನೆನಪಾಗುತ್ತದೆ.

ನಮ್ಮ ಕವಿಗಳು ಈ ಪದವನ್ನು ಬಳಸಿದ ರೀತಿ ನೋಡಿದರೆ ಅದರ ಆಳ ಗೊತ್ತಾಗುತ್ತದೆ. ಪಂಪ ತನ್ನ ಭಾರತದ ಕೊನೆಗೆ ಒಬ್ಬೊಬ್ಬರ ಹಿರಿಮೆ ಹೇಳುತ್ತಾ, ಛಲದಲ್ಲಿ ದುರ್ಯೋಧನನನ್ನು ನೆನೆಯುತ್ತಾನೆ. ಅದೇ 10ನೆಯ ಶತಮಾನದಲ್ಲಿ ಮುಧೋಳದ ರನ್ನ ಇನ್ನೂ ಮುಂದಕ್ಕೆ ಹೋದ. ಗದಾಯುದ್ಧದ ಹೊತ್ತಿಗೆ ದುರ್ಯೋಧನನ ಬಳಿ ಏನೂ ಉಳಿದಿಲ್ಲ. ತಮ್ಮಂದಿರಿಲ್ಲ, ಕರ್ಣನಿಲ್ಲ. ಸಂಧಿ ಮಾಡಿಕೋ ಎಂದು ಹಿರಿಯರು ಹೇಳಿದಾಗ ಅವನ ಉತ್ತರ: "ನೆಲಕಿರಿವೆನೆಂದು ಬಗೆದಿರೆ? ಛಲಕಿರಿವೆಂ." ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ? ಛಲಕ್ಕಾಗಿ ಹೋರಾಡುತ್ತೇನೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ ಅಂತಲೂ ಹೇಳುತ್ತಾನೆ. ಅವನು ಮಾಡಿದ ಅನ್ಯಾಯವನ್ನು ಈ ಮಾತು ತೊಳೆಯುವುದಿಲ್ಲ. ಆದರೆ ಗೆಲುವಿನ ಆಸೆ ಸುಟ್ಟುಹೋದ ಮೇಲೂ ಉಳಿಯುವುದು ಛಲ ಎಂಬುದನ್ನು ರನ್ನ ಎರಡೇ ಪದದಲ್ಲಿ ತೋರಿಸಿಬಿಟ್ಟ.

12ನೆಯ ಶತಮಾನದಲ್ಲಿ ಬಸವಣ್ಣ ಈ ಯುದ್ಧದ ಪದವನ್ನು ಎತ್ತಿ ತಂದು ಮನೆಯೊಳಗೆ ಇಟ್ಟರು. "ಛಲಬೇಕು ಶರಣಂಗೆ ಪರಧನವನೊಲ್ಲೆನೆಂಬ" ಎಂದು ಆ ವಚನ ಶುರುವಾಗುತ್ತದೆ. ಸಾಲು ಸಾಲಿಗೂ "ಛಲಬೇಕು", "ಛಲಬೇಕು" ಅಂತ ಬರುತ್ತದೆ. ಇಲ್ಲಿ ಗದೆ ಇಲ್ಲ, ವೈರಿಯಿಲ್ಲ. ಬೇರೆಯವರ ದುಡ್ಡು ಬೇಡ ಎನ್ನುವುದಕ್ಕೂ ಛಲ ಬೇಕಾ? ಬೇಕು. ಯಾಕೆಂದರೆ ಒಂದು ಸಲ ಬೇಡ ಎನ್ನುವುದು ಸುಲಭ, ದಿನಾ ಬೇಡ ಎನ್ನುವುದು ಕಷ್ಟ. ನನ್ನ ಮಟ್ಟಿಗೆ ಛಲ ಎಂಬ ಪದಕ್ಕೆ ಸಿಕ್ಕ ಅತ್ಯಂತ ದೊಡ್ಡ ಅರ್ಥ ಇದೇ.

ಈಗಿನ ಸ್ಫೂರ್ತಿ ಕವನಗಳಲ್ಲೂ ಛಲ ಜಾಸ್ತಿ ಸಿಗುತ್ತದೆ. ಬೆಳಗಾದರೆ ಮೊಬೈಲಿಗೆ ಬರುವ ಸಾಲುಗಳಲ್ಲಿ ಛಲದ ಹಿಂದೆಯೇ ಗೆಲುವು ಬಂದು ನಿಂತಿರುತ್ತದೆ. ಛಲವಿದ್ದರೆ ಎಲ್ಲಾ ಸಿಗುತ್ತದೆ ಎಂಬ ಭರವಸೆ ಅದು. ಬರೆದವರ ಮನಸ್ಸು ಒಳ್ಳೆಯದೇ. ಆದರೆ ಸೋತವರಿಗೆ ಆ ಸಾಲು ಚುಚ್ಚುತ್ತದೆ. ಹಾಗಾದರೆ ನನ್ನಲ್ಲಿ ಛಲ ಇರಲಿಲ್ಲವಾ ಅಂತ ಅವರು ಕೇಳಿಕೊಳ್ಳುತ್ತಾರೆ, ಅಲ್ವಾ? ಗೆಲುವಿನ ಖಾತ್ರಿ ಇದ್ದರೆ ಛಲದ ಅಗತ್ಯವೇ ಇರುವುದಿಲ್ಲ.

ಹಾಗಾದರೆ ಭರವಸೆ ಎಲ್ಲಿಂದ ಬರಬೇಕು? ಜಿ. ಎಸ್. ಶಿವರುದ್ರಪ್ಪನವರ ಹಣತೆಯ ಕವಿತೆ ನನಗೆ ದಾರಿ ತೋರಿಸಿದ್ದು ಇಲ್ಲಿ. ಹಣತೆ ಹಚ್ಚುತ್ತೇನೆ, ಆದರೆ ಕತ್ತಲನ್ನು ಗೆಲ್ಲುವ "ಜಿದ್ದಿನಿಂದಲ್ಲ" ಎನ್ನುತ್ತಾರೆ. ಎಷ್ಟೋ ದೀಪಾವಳಿಗಳು ಈ ಕತ್ತಲಲ್ಲಿ ಮುಳುಗಿವೆ, ತನ್ನ ಹಣತೆಯೂ ಆರುತ್ತದೆ ಅಂತ ಅವರಿಗೆ ಗೊತ್ತು. ಆಮೇಲೆ "ಆದರೂ" ಎಂಬ ಒಂದು ಪದ ಬರುತ್ತದೆ. ಆದರೂ ಹಚ್ಚುತ್ತಾರೆ. ದೀಪ ಇರುವಷ್ಟು ಹೊತ್ತು ನಿನ್ನ ಮುಖ ನಾನು, ನನ್ನ ಮುಖ ನೀನು ನೋಡಬಹುದಲ್ಲ ಎಂಬ ಒಂದೇ ಆಸೆಗೆ.